ಮಾಮನ ಕುದುರೆ ಮತ್ತು ಹದಿನೇಳು ಪುಟಗಳ ನಿಯಮಾವಳಿ

ಇಂಟರ್‌ನೆಟ್ಟಿನಲ್ಲಿ ಯಾವುದಕ್ಕೆ ಸೇರಬೇಕೆಂದರೂ ಮೊದಲು ಒಂದು ಪುಟ್ಟ ಚೌಕಕ್ಕೆ ಟಿಕ್ ಹೊಡೆಯಬೇಕು, ನೋಡಿದ್ದೀರಲ್ಲ? ‘ಮೇಲಿನ ನಿಯಮಗಳನ್ನೆಲ್ಲ ಓದಿ ಒಪ್ಪಿದ್ದೇನೆ’ ಎಂದು ಅದರ ಪಕ್ಕದಲ್ಲಿ ಬರೆದಿರುತ್ತದೆ. ದಿನಾ ಕೋಟ್ಯಂತರ ಜನ ಆ ಚೌಕದ ಮುಂದೆ ಸುಳ್ಳು ಹೇಳುತ್ತಾರೆ. ನಿಜ ಹೇಳಿದವರು ಭೂಮಿಯ ಮೇಲೆ ಒಬ್ಬರೇ. ಅವರು ಹೊಸಪೇಟೆಯವರು, ನನ್ನ ತಾಯಿಯ ತಮ್ಮ.

ಪತ್ರಿಕೆಯಲ್ಲಿ ಕೆಲಸ ಮಾಡುವ ನನಗೆ ಉತ್ಪ್ರೇಕ್ಷೆ ನಿಷಿದ್ಧ. ಈ ಸಂಗತಿಯನ್ನು ಮೂವರಿಂದ ಖಚಿತಪಡಿಸಿಕೊಂಡೇ ಬರೆಯುತ್ತಿದ್ದೇನೆ. ಮೊದಲನೆಯವರು ಸ್ವತಃ ಮಾಮ. ಎರಡನೆಯವರು ಅವರನ್ನು ಕಟ್ಟಿಕೊಂಡ ಅತ್ತೆ. ಮೂರನೆಯವಳು ರೇಣುಕಾ, ಕುರೆಕುಪ್ಪದಿಂದ ಬಂದು ಬಸ್ ನಿಲ್ದಾಣದ ಹಿಂದೆ ಇಂಟರ್‌ನೆಟ್ ಸೆಂಟರ್ ಇಟ್ಟಿದ್ದ ಹೆಣ್ಣುಮಗಳು.

ಅದು ಕೆಂಪು ಮಣ್ಣಿಗೆ ಬಂಗಾರದ ಬೆಲೆ ಬಂದಿದ್ದ ಕಾಲ. ಸಂಡೂರಿನ ಗುಡ್ಡಗಳು ಲಾರಿ ಹತ್ತಿ ಚೀನಾಕ್ಕೆ ಹೊರಟಿದ್ದವು. ರೇಣುಕಾಳ ಸೆಂಟರಿನ ಎಂಟು ಕಂಪ್ಯೂಟರುಗಳಲ್ಲಿ ಏಳರ ಮುಂದೆ ಗಣಿಯವರೇ ಕೂತು ಅದಿರಿನ ದರ, ಹಡಗಿನ ದಿನ, ಪರ್ಮಿಟ್ಟಿನ ಅರ್ಜಿ ಎಂದು ಕೀಲಿಮಣೆ ಕುಟ್ಟುತ್ತಿದ್ದರು. ಮಾಮ ಅಲ್ಲಿಗೆ ಹೋದದ್ದು ಯಾವುದೋ ಅರ್ಜಿ ನಮೂನೆಗಾಗಿ. ಅವರಿಗೆ ಸಿಕ್ಕಿದ್ದು ಮೂರನೇ ಕಂಪ್ಯೂಟರ್. ಹಿಂದೆ ಕೂತಿದ್ದ ಯಾರೋ ಒಂದು ಪುಟವನ್ನು ತೆರೆದಿಟ್ಟೇ ಎದ್ದು ಹೋಗಿದ್ದರು. ಅದರಲ್ಲೊಂದು ಕುದುರೆ ಕತ್ತು ತಗ್ಗಿಸಿ ನಿಂತಿತ್ತು. ಕೆಳಗೆ ಇಂಗ್ಲಿಷಿನಲ್ಲಿ, ‘ನನಗೆ ಹಸಿವಾಗಿದೆ.’

“ರೇಣುಕವ್ವಾ, ಇದಕ್ಕ ಮೇವು ಹಾಕೋರು ಯಾರೂ ಇಲ್ಲೇನು?”

“ಅದು ಆಟ ರೀ ಸರ. ಕಂಪ್ಯೂಟರಿನ್ಯಾಗ ಕುದುರಿ ಸಾಕೂ ಆಟ. ಮುಚ್ಚಿಬಿಡ್ರಿ.”

“ಆಟಾನ ಇರಲಿ, ಹಸದೈತಿ ಅಂತೈತಲ್ಲವಾ!”

ಮೇವು ಹಾಕಬೇಕಾದರೆ ಸದಸ್ಯರಾಗಬೇಕು. ಸದಸ್ಯರಾಗಬೇಕಾದರೆ ಆ ಚೌಕಕ್ಕೆ ಟಿಕ್ ಹೊಡೆಯಬೇಕು. ರೇಣುಕಾ ಬಂದು ಮೌಸ್ ಹಿಡಿದದ್ದೇ ತಡ, ಮಾಮ ಅವಳ ಕೈ ತಡೆದರು.

“ನಿಯಮ ಎಲ್ಲದಾವ?”

“ಅವನ್ನ ಯಾರೂ ಓದೂದಿಲ್ರೀ ಸರ. ಟಿಕ್ ಹೊಡೀರಿ ಅಷ್ಟ.”

“ಓದಲಾರದ ಓದೀನಿ ಅಂದ್ರ ಸುಳ್ಳು ದಾಖಲೆ ಆಕ್ಕತಿ ತಾಯಿ. ಪ್ರಿಂಟ್ ತಗಿ.”

ಹದಿನೇಳು ಪುಟ! ಮಾಮ ಎರಡು ದಿನ ಮನೆಯಲ್ಲಿ ಕೂತು ಓದಿದರು. ಅನುಮಾನ ಬಂದ ಕಡೆ ಪೆನ್ಸಿಲಿನಲ್ಲಿ ಗೀಟು ಎಳೆದರು, ಪ್ರತಿ ಪುಟದ ಕೆಳಗೂ ಸಹಿ ಮಾಡಿದರು. ಹದಿಮೂರು ವರ್ಷದೊಳಗಿನವರು ತಂದೆತಾಯಿಯ ಅನುಮತಿ ಪಡೆಯಬೇಕೆಂದು ಅದರಲ್ಲಿತ್ತು. ಅರವತ್ತು ದಾಟಿದವರು ಯಾರ ಅನುಮತಿ ಪಡೆಯಬೇಕು ಎಂಬ ಬಗ್ಗೆ ನಿಯಮ ಮೌನವಾಗಿತ್ತು. ಆಟದ ವ್ಯವಸ್ಥಾಪಕರಿಗೆ ಪತ್ರ ಬರೆದು ಕೇಳಿದರು. ‘ಎಲ್ಲರಿಗೂ ಸ್ವಾಗತ’ ಎಂದು ಉತ್ತರ ಬಂತು. ಅದನ್ನೂ ಪ್ರಿಂಟ್ ತೆಗೆಸಿ ಫೈಲಿಗೆ ಸೇರಿಸಿದ ಮೇಲೆ, ಮೂರನೇ ದಿನ, ಟಿಕ್ ಹೊಡೆದರು.

ಇಂಥ ಮನುಷ್ಯ ಎಲ್ಲಿ ತಯಾರಾದರು ಎಂದು ನೀವು ಕೇಳಬಹುದು. ಅಣೆಕಟ್ಟಿನ ಮೇಲೆ! ಮೂವತ್ತು ವರ್ಷ ಮಾಮನ ನೌಕರಿ ಒಂದೇ: ಬೆಳಿಗ್ಗೆ ಆರಕ್ಕೆ ಜಲಾಶಯದ ನೀರಿನ ಮಟ್ಟ ನೋಡಿ ಬರೆದು ಹೇಳುವುದು. ಅಡಿಯ ಮುಂದೆ ಎರಡು ದಶಮಾಂಶ. ಮನೆಯಲ್ಲಿ ಉಪ್ಪಿಟ್ಟಿಗೆ ಉಪ್ಪು ಕಡಿಮೆಯಾಗಿದೆ ಎಂದು ಅವರು ಎಂದೂ ಹೇಳಿದವರಲ್ಲ. “ನಿನ್ನಿಗಿಂತ ಕಾಲು ಚಮಚ ಇಳದೈತಿ” ಎನ್ನುತ್ತಿದ್ದರು.

ಇನ್ನು ಕುದುರೆಯ ನಾಮಕರಣ. ಬಣ್ಣ ನೋಡಿ ಹೆಸರಿಡೋಣವೆಂದು ಮಾಮ ಪರದೆಗೆ ಮೂಗು ತಾಗುವಷ್ಟು ಬಗ್ಗಿದರು. ಕೆಂಪು ಹೆಣ್ಣುಕುದುರೆ. ಕೆಂಪಿ ಎಂದು ಹೆಸರಿಟ್ಟರು. ಒಂದು ತಿಂಗಳಾದ ಮೇಲೆ ರೇಣುಕಾ ಯಾವುದೋ ಹಬ್ಬದ ನೆಪದಲ್ಲಿ ಸೆಂಟರಿನ ಪರದೆಗಳನ್ನೆಲ್ಲ ಒದ್ದೆ ಬಟ್ಟೆಯಲ್ಲಿ ಒರೆಸಿದಳು. ಮಾಮ ಬಂದು ಕೂತರು, ನೋಡಿದರು, ಎದ್ದು ನಿಂತರು.

“ರೇಣುಕವ್ವಾ, ಯಾರೋ ಕುದುರಿ ಬದಲಿ ಮಾಡ್ಯಾರ!”

ಕುದುರೆ ಹಾಲಿನಂತೆ ಬೆಳ್ಳಗಿತ್ತು. ಒಂದು ತಿಂಗಳು ಮಾಮ ನೋಡಿದ್ದು ಕುದುರೆಯ ಬಣ್ಣವನ್ನಲ್ಲ, ಅದಿರಿನ ಧೂಳನ್ನು. ಪರದೆಯ ಮೇಲಿದ್ದ ಹುಲ್ಲು, ಆಕಾಶ, ಅಕ್ಷರ ಎಲ್ಲ ಕೆಂಪಗಿದ್ದರೂ ಅನುಮಾನ ಬರಲಿಲ್ಲವೇ ಎಂದರೆ, ಹೇಗೆ ಬರಬೇಕು? ಆ ವರ್ಷಗಳಲ್ಲಿ ನಮ್ಮೂರಿನ ಮಲ್ಲಿಗೆಯೂ ಕೆಂಪಗೇ ಇರುತ್ತಿತ್ತು. ಒಮ್ಮೆ ಇಟ್ಟ ಹೆಸರನ್ನು ಬದಲಿಸುವಂತಿಲ್ಲ ಎಂಬುದು ನಿಯಮ ಎಂಟು. ಹಾಗಾಗಿ ಬಿಳಿ ಕುದುರೆ ಕೊನೆಯವರೆಗೂ ಕೆಂಪಿಯಾಗಿಯೇ ಉಳಿಯಿತು.

ನಿಯಮಾವಳಿಯ ಕನ್ನಡ ಅನುವಾದವನ್ನು ಮಾಮ ಸ್ವತಃ ಮಾಡಿ, ಅಡುಗೆಮನೆಯ ಬಾಗಿಲಿಗೆ ಅಂಟಿಸಿದ್ದರು. ಎರಡು ನಿಯಮಗಳ ಕೆಳಗೆ ಕೆಂಪು ಗೀಟು. ನಿಯಮ ನಾಲ್ಕು: ಸದಸ್ಯನು ತನ್ನ ಪಾಸ್‌ವರ್ಡನ್ನು ಕುಟುಂಬದವರೂ ಸೇರಿ ಯಾರಿಗೂ ಹೇಳತಕ್ಕದ್ದಲ್ಲ, ಬೇರೆಯವರು ಖಾತೆ ನಡೆಸಿದಲ್ಲಿ ಖಾತೆಯನ್ನು ಮುಚ್ಚಲಾಗುವುದು. ನಿಯಮ ಹನ್ನೊಂದು: ಸತತ ಮೂರು ದಿನ ಮೇವು ನೀರು ಕಾಣದ ಕುದುರೆಯನ್ನು ಆಶ್ರಯ ಕೇಂದ್ರಕ್ಕೆ ಒಯ್ದು ಬೇರೆ ಸದಸ್ಯರಿಗೆ ಕೊಡಲಾಗುವುದು.

“ನನಗ ಮೂರು ದಿನ ಒಂದು ಒಳ್ಳೆ ಮಾತು ಆಡದಿದ್ರ ನನ್ನ ಎಲ್ಲಿಗಿ ಒಯ್ತಾರಂತ ಬರದಾರೇನ್ ನೋಡ್ರಿ” ಎಂದರು ಅತ್ತೆ, ರೊಟ್ಟಿ ಬಡಿಯುತ್ತ.

ಪಾಸ್‌ವರ್ಡ್ ತಿಂಗಳಿಗೊಮ್ಮೆ ಬದಲಾಗಬೇಕೆಂದೂ ನಿಯಮವಿತ್ತು. ಪ್ರತಿ ತಿಂಗಳ ಒಂದನೇ ತಾರೀಖು ಪತ್ರಿಕೆಯಲ್ಲಿ ಬಂದ ಜಲಾಶಯದ ಮಟ್ಟವೇ ಮಾಮನ ಹೊಸ ಪಾಸ್‌ವರ್ಡ್, ಅದರ ಮುಂದೆ ‘ಡ್ಯಾಮ್’ ಎಂಬ ಮೂರಕ್ಷರದ ಇಂಗ್ಲಿಷ್. ಬರೆದಿಟ್ಟರೆ ಯಾರಾದರೂ ನೋಡಿಯಾರು! ಆದ್ದರಿಂದ ಬಾಯಿಪಾಠ. ಅದೂ ಸ್ನಾನದ ಮನೆಯಲ್ಲಿ, ತಲೆಯ ಮೇಲೆ ನೀರು ಸುರಿದುಕೊಳ್ಳುತ್ತ, ಶಿವಸ್ತುತಿಯ ನಡುನಡುವೆ, ಗಟ್ಟಿಯಾಗಿ. ನಮ್ಮ ಓಣಿಯ ಹಾಲಿನವಳು ಒಂದು ದಿನ ಅತ್ತೆಯನ್ನು ಕೇಳಿದಳಂತೆ: “ಈ ತಿಂಗಳ ಡ್ಯಾಮಿನ್ಯಾಗ ನೀರು ಭಾಳ ಇಳದೈತಲ್ರೀ ಅತ್ತಿ?”

ತಪ್ಪು ಮಾಡಿದಾಗ ಮಾಮ ತಮ್ಮ ಮೇಲೆ ತಾವೇ ದೂರು ಕೊಡುತ್ತಿದ್ದರು. ಒಮ್ಮೆ ಮೌಸ್ ಎರಡು ಸಲ ಒತ್ತಿ ಹೋಗಿ ಕೆಂಪಿಗೆ ಎರಡು ಪಾಲು ಮೇವು ಬಿತ್ತು. ಕುದುರೆಗೆ ಅಜೀರ್ಣವಾದರೆ ತಾನೇ ಹೊಣೆಯೆಂದೂ, ಸೂಕ್ತ ಶಿಕ್ಷೆ ವಿಧಿಸಬೇಕೆಂದೂ ನನ್ನ ಕೈಯಲ್ಲಿ ಅರ್ಜಿ ಬರೆಸಿದರು. ಅರ್ಜಿಯ ಭಾಷೆಗೆ ಪತ್ರಿಕೆಯವರು ವಾಸಿ ಎಂಬುದು ಅವರ ನಂಬಿಕೆ. ಉತ್ತರ ಒಂದೇ ಸಾಲಿನದು, ಸಾಲೂ ಅಲ್ಲ, ಎರಡು ಚುಕ್ಕಿ ಮತ್ತು ಒಂದು ಆವರಣ ಚಿಹ್ನೆ. ಮಾಮ ಅದನ್ನು ಅಡ್ಡ ಹಿಡಿದು, ಉದ್ದ ಹಿಡಿದು ನೋಡಿದರು.

“ಅಳಿಯಾ, ಇದು ಆದೇಶಾನೋ, ಷರಾನೋ?”

“ನಗಾಕತ್ತಾರ ಮಾಮ.”

“ಯಾರು?”

“ಕಚೇರಿಯವರು.”

ಕಚೇರಿ ನಗುತ್ತದೆ ಎಂಬ ಸುದ್ದಿಯನ್ನು ಅರಗಿಸಿಕೊಳ್ಳಲು ಅವರಿಗೆ ಒಂದು ವಾರ ಬೇಕಾಯಿತು.

ಅಷ್ಟರಲ್ಲಿ ಸೆಂಟರಿನ ಉಳಿದ ಏಳು ಕಂಪ್ಯೂಟರುಗಳಲ್ಲಿ ಗುಸುಗುಸು ಹಬ್ಬಿತ್ತು. ದಿನಾ ಸಂಜೆ ಐದಕ್ಕೆ ಬಿಳಿ ಅಂಗಿಯ ಹಿರಿಯರೊಬ್ಬರು ಬರುತ್ತಾರೆ, ಕುದುರೆ ನೋಡುತ್ತಾರೆ, ಪುಸ್ತಕದಲ್ಲಿ ಏನೋ ಬರೆದುಕೊಳ್ಳುತ್ತಾರೆ, ಯಾರೊಡನೆಯೂ ಮಾತಾಡುವುದಿಲ್ಲ! ಇದರ ಅರ್ಥ ಗಣಿಯವರಿಗೆ ಒಂದೇ: ರೇಸು. ಸಂಡೂರಿನ ಕಡೆಯ ಕಂತ್ರಾಟುದಾರನೊಬ್ಬ, ಬೆರಳಿಗೊಂದು ಉಂಗುರದವನು, ಒಂದು ಸಂಜೆ ಮಾಮನ ಕಾಲಿಗೇ ಬಿದ್ದ.

“ಯಜಮಾನ್ರ, ಬರೂ ಐತವಾರ ಯಾವ ಕುದುರಿ ಹೊಡೀತೈತಿ, ಒಂದು ಹೆಸರು ಹೇಳ್ರಿ ಸಾಕು.”

“ಕುದುರಿ ಹೊಡೆಯೂದಿಲ್ಲಪ. ಹೊಡದ್ರ ಸದಸ್ಯತ್ವ ಹೋಕ್ಕತಿ. ನಿಯಮ ಆರು” ಎಂದು ಮಾಮ ಹದಿನೇಳು ಪುಟಗಳ ಒಂದು ಪ್ರತಿಯನ್ನು ಅವನ ಕೈಗಿತ್ತರು. ಆತ ಅದನ್ನು ಗುಪ್ತ ಸಂಕೇತವೆಂದು ತಿಳಿದು, ಎರಡು ವಾರ ಮಲಗುವ ಮುನ್ನ ಓದಿದನಂತೆ. ಪುಟ ಸಂಖ್ಯೆ ಕೂಡಿಸಿ ಕಳೆದು ನೋಡಿದನಂತೆ. ಕೊನೆಗೆ ಏನೂ ಹೊಳೆಯದೆ ತನ್ನ ಮಗಳಿಗೆ ಕೊಟ್ಟ. ಅವಳೂ ಒಂದು ಕುದುರೆ ಸಾಕಿಕೊಂಡಳು ಎಂಬಲ್ಲಿಗೆ ಆ ವರದಿ ಮುಗಿಯುತ್ತದೆ.

ಆದರೆ ನಿಯಮಾವಳಿಯ ಪೂರ್ಣ ಪ್ರತಾಪವನ್ನು ಕಂಡವನು ನಮ್ಮ ದೊಡ್ಡಪ್ಪನ ಮಗ. ಮದುವೆಯ ದಿನ, ಸಂಡೂರಿನಲ್ಲಿ, ಅವನು ಮದುಮಗ.

ಲಾರಿಯ ಕಾಲ ಬಂದಿದ್ದರಿಂದ ನಮ್ಮ ಕಡೆಯ ಮದುವೆಗಳಲ್ಲೂ ದೊಡ್ಡಸ್ತಿಕೆ ಬಂದಿತ್ತು. ಕಂಪ್ಲಿಯಿಂದ ಕುದುರೆ ತರಿಸಿದ್ದರು. ಮದುಮಗನೂ ಎರಡು ಲಾರಿ ಮಾಡಿ, ಮೂರು ವರ್ಷದಲ್ಲಿ ಸಾಕಷ್ಟು ವಿಸ್ತಾರಗೊಂಡಿದ್ದ. ಮೆರವಣಿಗೆ ಹೊರಟಿತು. ಬ್ಯಾಂಡು ಮುಂದೆ, ಬೀಗರು ಹಿಂದೆ, ಅವರ ಹಿಂದೆ ದಾರಿ ಸಿಗದೆ ಹಾರ್ನ್ ಹೊಡೆಯುವ ಅದಿರು ಲಾರಿಗಳು. ಮಾಮ ಕುದುರೆಯಿಂದ ಹತ್ತು ಮಾರು ದೂರದಲ್ಲಿ ನಡೆಯುತ್ತಿದ್ದರು. ಒಂದು ಸಂಗತಿ ಹೇಳಲು ಮರೆತೆ: ಮಾಮನಿಗೆ ಜೀವಂತ ಕುದುರೆಯೆಂದರೆ ವಿಪರೀತ ಭಯ.

ಆ ದೂರದಿಂದಲೇ, ಕಡಿವಾಣ ಹಿಡಿದಿದ್ದ ಕುದುರೆಯಜ್ಜನನ್ನು ಕೂಗಿ ಕೇಳಿದರು. “ಸವಾರಿಗಿಂತ ಮೊದಲ ನೀರು ಕುಡಿಸೀರೇನು?”

“ಕುಡಿಸೇನ್ರಿ. ನೀವೂ ಕುದುರಿ ಸಾಕೀರೇನ್ರಿ ಯಜಮಾನ್ರ?”

“ಹೂಂ. ಬಿಳೇದು.”

“ಮೇವು ಹ್ಯಾಂಗ ಹಾಕ್ತೀರಿ?”

“ಮೌಸ್ ಒತ್ತೀನಿ.”

ಅಜ್ಜ ಮಾಮನನ್ನು ಒಮ್ಮೆ ಪೂರ್ತಿ ನೋಡಿ, ಕುದುರೆಯನ್ನು ರಸ್ತೆಯ ಆಚೆ ಬದಿಗೆ ಸರಿಸಿಕೊಂಡ.

ಆದರೆ ಮಾಮನ ಕಣ್ಣು ಮದುಮಗನ ಮೇಲಿತ್ತು. ನಿಯಮ ಹದಿನೈದು: ಸವಾರನ ತೂಕ ಕುದುರೆಯ ತೂಕದ ಐದನೇ ಒಂದು ಪಾಲನ್ನು ಮೀರತಕ್ಕದ್ದಲ್ಲ. ಮೀರಿದೆಯೋ ಇಲ್ಲವೋ ಎಂದು ಕಣ್ಣಳತೆಯಲ್ಲಿ ಹೇಳುವ ಜಾಯಮಾನ ಅವರದಲ್ಲ. ಅಳತೆಯಾಗಬೇಕು. ದುರದೃಷ್ಟವಶಾತ್ ಇಪ್ಪತ್ತು ಹೆಜ್ಜೆ ಮುಂದೆಯೇ ಲಾರಿ ತೂಗುವ ವೇಬ್ರಿಡ್ಜ್ ಇತ್ತು.

ಮಾಮ ಹೋಗಿ ಬ್ಯಾಂಡಿನ ಮುಂದೆ ಕೈ ಅಡ್ಡ ಹಿಡಿದು ನಿಂತರು. ಬೀಗರು ಇದು ನಮ್ಮ ಕಡೆಯ ಯಾವುದೋ ಶಾಸ್ತ್ರವೆಂದು ತಿಳಿದು ಸುಮ್ಮನಾದರು. ನಮ್ಮವರು ಇದು ಬೀಗರ ಕಡೆಯ ಶಾಸ್ತ್ರವೆಂದು ತಿಳಿದರು. ಹೀಗೆ ಯಾರ ವಿರೋಧವೂ ಇಲ್ಲದೆ ಬಾಸಿಂಗ ಕಟ್ಟಿದ ಮದುಮಗ, ಕುದುರೆಸಮೇತ, ಎರಡು ಲಾರಿಗಳ ನಡುವೆ ಸರದಿಯಲ್ಲಿ ನಿಂತು ವೇಬ್ರಿಡ್ಜ್ ಹತ್ತಿದ. ಕೋಣೆಯೊಳಗಿದ್ದವನು ತಲೆ ಎತ್ತದೆ, ರೂಢಿಯಂತೆ ಕೇಳಿದ:

“ಲೋಡ್ ಏನ್ರಿ?”

“ಮದುಮಗ” ಎಂದರು ಮಾಮ.

ಒಮ್ಮೆ ಇಬ್ಬರನ್ನೂ ಕೂಡಿಸಿ ತೂಗಿದರು. ಆಮೇಲೆ ಮದುಮಗನನ್ನು ಇಳಿಸಿ ಕುದುರೆಯನ್ನಷ್ಟೇ ತೂಗಿದರು. ಚೀಟಿ ಬಂತು. ಮಾಮ ಕಳೆದರು, ಭಾಗಿಸಿದರು, ತಲೆ ಅಲ್ಲಾಡಿಸಿದರು. ಊರಿನ ಪ್ರತಿಯೊಂದು ಲಾರಿಯೂ ಮಿತಿಗಿಂತ ಹೆಚ್ಚು ಅದಿರು ಹೊತ್ತು ರಾಜಾರೋಷವಾಗಿ ಓಡಾಡುತ್ತಿದ್ದ ಆ ವರ್ಷಗಳಲ್ಲಿ, ಓವರ್‌ಲೋಡ್ ಎಂದು ಸಂಡೂರಿನಲ್ಲಿ ಕೆಳಗಿಳಿಸಲ್ಪಟ್ಟ ಏಕೈಕ ಸರಕು ನಮ್ಮ ಮದುಮಗ!

“ಏ ಮಾಮ, ನನ್ನ ಮದಿವಿ ಐತೋ ಮಾರಾಯ!” ಎಂದು ಅವನು ಅಳುವ ಧ್ವನಿಯಲ್ಲಿ ಹೇಳಿದ.

“ಮದಿವಿಗೆ ನಿಯಮ ಅಡ್ಡಿ ಇಲ್ಲ. ಸವಾರಿಗೆ ಐತಿ. ನಡಿ.”

ಅವನು ನಡೆದ. ಬೆನ್ನು ಹಗುರಾದ ಕುದುರೆ ಹುರುಪಿನಿಂದ ಎರಡು ಹೆಜ್ಜೆ ಮುಂದೆಯೇ ಹೋಗಿ ಮಂಟಪ ಮುಟ್ಟಿತು. ಕಣ್ಣು ಮಂದವಾಗಿದ್ದ ಬೀಗರ ಮನೆಯ ಹಿರಿಯಜ್ಜಿ ಮೊದಲ ಆರತಿಯನ್ನು ಅದಕ್ಕೇ ಎತ್ತಿದಳು. ಮರುದಿನದ ಪತ್ರಿಕೆಗೆ ನಾನು ಎರಡು ಸಾಲು ಬರೆದೆ: ಸಂಡೂರಿನಲ್ಲಿ ಕೆಲಹೊತ್ತು ಸಂಚಾರ ಅಸ್ತವ್ಯಸ್ತ, ಕಾರಣ ತಿಳಿದುಬಂದಿಲ್ಲ. ನನ್ನ ವೃತ್ತಿಜೀವನದಲ್ಲಿ ತಿಳಿದೂ ತಿಳಿದುಬಂದಿಲ್ಲ ಎಂದು ಬರೆದದ್ದು ಅದೊಂದೇ ಸಲ.

ಇಷ್ಟಾದ ಮೇಲೆ ಮಾಮನಿಗೆ ಹರ್ನಿಯಾ ಆಯಿತು. ಬಳ್ಳಾರಿಯ ಆಸ್ಪತ್ರೆಯಲ್ಲಿ ಆಪರೇಷನ್, ಆರು ದಿನ ಹಾಸಿಗೆ. ನಿಯಮ ಹನ್ನೊಂದರ ಪ್ರಕಾರ ಕೆಂಪಿಗೆ ಇದ್ದದ್ದು ಮೂರೇ ದಿನ.

“ಡಾಕ್ಟ್ರೇ, ಎರಡನೇ ದಿನ ನಾಕು ತಾಸು ಬಿಡ್ರಿ. ಹೊಸಪೇಟಿಗಿ ಹೋಗಿ ಕುದುರಿಗೆ ಮೇವು ಹಾಕಿ ಬರ್ತೀನಿ.”

“ಮನಿಯಾಗ ಯಾರಾದ್ರೂ ಹಾಕ್ತಾರ ಬಿಡ್ರಿ.”

“ಬ್ಯಾರೇದವರು ಹಾಕಂಗಿಲ್ಲ. ಕಂಪ್ಯೂಟರಿನ್ಯಾಗ ಐತಿ.”

ಡಾಕ್ಟರು ನರ್ಸನ್ನು ಪಕ್ಕಕ್ಕೆ ಕರೆದು, ಅರಿವಳಿಕೆ ಇನ್ನೂ ಇಳಿದಿಲ್ಲವೇ ಎಂದು ಕೇಳಿದರು. ಆಪರೇಷನ್ ಆಗ ಇನ್ನೂ ಆಗಿರಲೇ ಇಲ್ಲ.

“ಪಾಸ್‌ವರ್ಡ್ ಹೇಳು ಮಾಮ, ನಾನು ಹೋಗಿ ಹಾಕಿ ಬರ್ತೀನಿ” ಎಂದೆ. ಆಗಲಿಲ್ಲ. ಅತ್ತೆ ಕೇಳಿದರು. ಅದೂ ಆಗಲಿಲ್ಲ. “ಇದು ಗಂಡ ಹೆಂಡ್ತಿ ಮಾತಲ್ಲ, ಸದಸ್ಯತ್ವದ ಮಾತು” ಎಂದರು ಮಾಮ. ಅತ್ತೆ ಮತ್ತೆ ಆ ವಿಷಯ ಎತ್ತಲಿಲ್ಲ. ಮನೆಗೆ ಹೋಗಿ ಸ್ನಾನ ಮಾಡಿ ರೊಟ್ಟಿ ಬಡಿದು ತರುತ್ತೇನೆಂದು ದಿನಾ ಬಸ್ ಹತ್ತಿ ಹೊಸಪೇಟೆಗೆ ಹೋಗಿ ಬರುತ್ತಿದ್ದರು.

ಮೂರನೇ ದಿನ ಸಂಜೆ ಐದಾಯಿತು. ಐದೂವರೆಯಾಯಿತು. ಮಾಮ ಗೋಡೆಯ ಗಡಿಯಾರ ನೋಡಿದರು.

“ಹೋತು” ಎಂದರು.

ಅವರು ಗೋಡೆಯ ಕಡೆ ತಿರುಗಿಕೊಂಡು, ಗೋಡೆಗೆ ಹೇಳುವಂತೆ ಹೇಳಿದರು: “ಮೂವತ್ತು ವರ್ಷ, ಬೆಳಿಗ್ಗಿ ಆರಕ್ಕ ನಾ ನೋಡಿ ಹೇಳೂತನಕ ಯಾರೂ ಗೇಟು ಮುಟ್ಟತಿದ್ದಿಲ್ಲ. ರಿಟೈರ್ ಆದ ಮರುದಿನಾನೂ ಆರಕ್ಕ ಎದ್ದೆ ಅಳಿಯಾ. ಯಾರಿಗೂ ನಾ ಬೇಕಾಗಿದ್ದಿಲ್ಲ. ಇದೊಂದಕ್ಕ ಮಾತ್ರ, ನಾ ಹೋಗಲಿಲ್ಲಂದ್ರ ನಡೀತಿದ್ದಿಲ್ಲ.”

ಅತ್ತೆ ಮೂಸಂಬಿ ಸುಲಿಯುತ್ತ ಕೂತಿದ್ದರು. ತಲೆ ಎತ್ತಲಿಲ್ಲ.

ಆರನೇ ದಿನ ಬಿಡುಗಡೆ. ಹೊಸಪೇಟೆಯಲ್ಲಿ ಬಸ್ಸಿಳಿದ ಮಾಮ, ಹೊಲಿಗೆ ಹಾಕಿದ ಹೊಟ್ಟೆ ಹಿಡಿದುಕೊಂಡು ನೇರ ಸೆಂಟರಿಗೆ ನಡೆದರು. ಖಾಲಿ ಲಾಯವನ್ನಾದರೂ ನೋಡಬೇಕಲ್ಲ. ಬೇರೆಯವರು ಪರದೆ ನೋಡಬಾರದೆಂದು ನಮ್ಮಿಬ್ಬರನ್ನೂ ಎಂದಿನಂತೆ ದೂರ ನಿಲ್ಲಿಸಿ, ಒಂದೇ ಬೆರಳಿನಲ್ಲಿ ಅಕ್ಷರ ಒತ್ತಿದರು. ಆಮೇಲೆ ಪರದೆಗೆ ಮೂಗು ತಾಗುವಷ್ಟು ಬಗ್ಗಿದರು.

ಕೆಂಪಿ ಅಲ್ಲೇ ಇತ್ತು. ಹೊಟ್ಟೆ ತುಂಬಿತ್ತು, ಮೈ ಉಜ್ಜಿ ಹೊಳೆಯುತ್ತಿತ್ತು. ಬೆನ್ನ ಮೇಲೊಂದು ದಪ್ಪ ಕೆಂಪು ಕಂಬಳಿ.

“ಅತ್ತಿ ದಿನಾ ಬರ್ತಿದ್ರು ರೀ ಸರ” ಎಂದಳು ರೇಣುಕಾ. “ಅವರು ಡ್ಯಾಮಿನ ನೀರು ಹೇಳ್ತಿದ್ರು, ನಾ ಒತ್ತತಿದ್ದೆ.”

ಮಾಮ ಹೆಂಡತಿಯ ಕಡೆ ತಿರುಗಿದರು. “ನನಗ ಯಾಕ ಹೇಳಲಿಲ್ಲ?”

“ಹೇಳಿದ್ರ ಆಸ್ಪತ್ರಿಯಿಂದನ ಅರ್ಜಿ ಬರಸ್ತಿದ್ರಿ. ನನಗ ಗೊತ್ತಿಲ್ಲೇನು ನಿಮ್ಮನ್ನ?”

ಅತ್ತೆಯ ಅಂದಾಜು ಸರಿಯಾಗಿತ್ತು. ಮಾಮ ನನ್ನನ್ನು ಕರೆದು ಕಾಗದ ಪೆನ್ನು ತೆಗೆಯೆಂದರು. ನಿಯಮ ನಾಲ್ಕು ಉಲ್ಲಂಘನೆಯಾಗಿದೆ, ಸದಸ್ಯನ ಪತ್ನಿ ಖಾತೆ ನಡೆಸಿದ್ದಾಳೆ, ಮಾನ್ಯರು ತಕ್ಷಣ ಖಾತೆ ಮುಚ್ಚಬೇಕಾಗಿ ವಿನಂತಿ. ಅವರು ಹೇಳುತ್ತಿದ್ದರು, ನಾನು ಬರೆಯುತ್ತಿದ್ದೆ. ಆ ಕಾಗದ ಹೋದರೆ ಕೆಂಪಿ ಹೋದಂತೆಯೇ ಎಂಬುದು ಅಲ್ಲಿದ್ದ ನಾಲ್ವರಿಗೂ ಗೊತ್ತಿತ್ತು. ಕಂಬಳಿಯ ದುರ್ವ್ಯಯವನ್ನೂ ಅರ್ಜಿಗೆ ಸೇರಿಸೋಣವೆಂದು ಮಾಮ ತಮ್ಮ ಅಂಕಗಳನ್ನು ನೋಡಿದರು. ಆಟದಲ್ಲಿ ಗಳಿಸಿದ ಅಂಕಗಳಿಂದಲೇ ಕುದುರೆಯ ಸಾಮಾನು ಕೊಳ್ಳಬೇಕು. ಒಳ್ಳೆಯ ಜೀನು ಕೊಂಡು ಪಂದ್ಯಕ್ಕೆ ಬಿಡಬೇಕೆಂದು ಎಂಟು ತಿಂಗಳು ಕೂಡಿಟ್ಟಿದ್ದರು. ಅಲ್ಲೀಗ ಸೊನ್ನೆ.

“ಎಲ್ಲಾ ಆ ಕಂಬಳಿಗಿ ಹಾಕಿದಿ?”

“ಮತ್ತ ಏನ್ ಮಾಡ್ಲಿ?” ಎಂದರು ಅತ್ತೆ. ಆ ಆಟದವರ ದೇಶದಲ್ಲಿ ಅದು ಹಿಮ ಬೀಳುವ ತಿಂಗಳು. “ನಾ ಬಂದಾಗ ಮ್ಯಾಲಿಂದ ಹತ್ತಿ ಉದರಿದಂಗ ಏನೋ ಬೀಳಾಕತ್ತಿತ್ತು. ಇದು ಕತ್ತು ತಗ್ಗಿಸಿ ನಿಂತಿತ್ತು, ನಿಮ್ಮಂಗ. ನೀವು ಅಲ್ಲಿ ಗ್ವಾಡಿಗೆ ಮುಖ ಮಾಡಿ ಮಲಗಿದ್ರಿ. ನಿಮಗ ಹೊಚ್ಚಾಕ ಹೋದ್ರ ಸೆಕಿ ಅಂತ ಒದ್ದು ತಗೀತಿದ್ರಿ. ಇದಕ್ಕಾರ ಹೊಚ್ಚಿದೆ.”

ಹೊರಗೆ ಬಿಸಿಲು ಕಾದ ಕಾವಲಿಯಂತಿತ್ತು. ಸೆಂಟರಿನ ಫ್ಯಾನು ಕೆಂಪು ಧೂಳನ್ನು ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಕಳಿಸುತ್ತಿತ್ತು. ಪರದೆಯ ಮೇಲೆ ಹಿಮ ಬೀಳುತ್ತಲೇ ಇತ್ತು, ಕುದುರೆ ಕಂಬಳಿಯೊಳಗೆ ನಿಂತಿತ್ತು.

“ಮಾಮ, ವಿನಂತಿ ಅಂತ ಬರದೀನಿ. ಮುಂದ?” ಎಂದೆ.

ಮಾಮ ಕೈ ಚಾಚಿ ಕಾಗದ ಇಸಿದುಕೊಂಡರು. ಪಕ್ಕದ ಸ್ಟೂಲನ್ನು ಎಳೆದು ತಮ್ಮ ಕುರ್ಚಿಗೆ ತಾಗಿಸಿ ಇಟ್ಟರು. ಅದರ ಒಂದು ಕಾಲು ಗಿಡ್ಡ. ಕಾಗದವನ್ನು ಎರಡು ಮಡಿಕೆ, ನಾಲ್ಕು ಮಡಿಕೆ ಮಾಡಿ, ಹೊಲಿಗೆಯ ನೋವಿಗೆ ಹಲ್ಲು ಕಚ್ಚಿ ಬಗ್ಗಿ, ಆ ಕಾಲಿನ ಕೆಳಗೆ ತುರುಕಿದರು. ಸ್ಟೂಲು ಅಲ್ಲಾಡುವುದು ನಿಂತಿತು.

“ಕುಂದ್ರು” ಎಂದರು ಅತ್ತೆಗೆ. ಮೌಸನ್ನು ಅವರ ಕಡೆ ಸರಿಸಿದರು. “ಇವತ್ತಿನ ಮೇವು ಬಾಕಿ ಐತಿ.”

ಅತ್ತೆ ಸೆರಗಿನಲ್ಲಿ ಕೈ ಒರೆಸಿಕೊಂಡು ಕೂತರು. “ಎಷ್ಟು ಹಾಕ್ಲಿ?”

“ನಿನಗ ಎಷ್ಟು ಅನಸ್ತೈತೋ ಅಷ್ಟು.”